ಸಣ್ಣ ಹಿಡುವಳಿಯಲ್ಲಿ ಎಕರೆವಾರು ಇಳುವರಿ ಹೆಚ್ಚು ಎಂಬುದು ನಿಜವೇ?

ಸಣ್ಣ ಹಿಡುವಳಿಗಳಿಂದಲೇ ನಮ್ಮ ಕೃಷಿ ಹಿಂದುಳಿದಿದೆಯೇ, ಜಮೀನುಗಳನ್ನು ಒಗ್ಗೂಡಿಸಿದರೆ ಇಳುವರಿ ಏರುವುದಿಲ್ಲವೇ ಎಂದು ಕೇಳಿದ್ದೀರಿ. ಎಕರೆವಾರು ಲೆಕ್ಕ ಹಿಡಿದರೆ ಭಾರತದಲ್ಲಿ ಬಹುಕಾಲ ಕಂಡುಬಂದದ್ದು ಇದಕ್ಕೆ ತದ್ವಿರುದ್ಧ. 1950ರ ದಶಕದ ಕೃಷಿ ನಿರ್ವಹಣಾ ಅಧ್ಯಯನಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್, ಹಿಡುವಳಿ ದೊಡ್ಡದಾದಂತೆ ಎಕರೆವಾರು ಉತ್ಪನ್ನ ಇಳಿಯುತ್ತದೆ, ಆದರೆ ಮನೆಮಂದಿಯ ದುಡಿಮೆಗೂ ಕೂಲಿ ಕಟ್ಟಿದರೆ ಲಾಭ ದೊಡ್ಡ ಹಿಡುವಳಿಯಲ್ಲೇ ಹೆಚ್ಚು ಎಂದು 1962ರಲ್ಲಿ ಬರೆದರು. ಚರ್ಚೆಯಲ್ಲಿ ಮೊದಲ ಅರ್ಧವಷ್ಟೇ ಉಳಿದು ಎರಡನೆಯದು ಮರೆತುಹೋಗುತ್ತದೆ.

ಕಾರಣ ಹುಡುಕಲು ನಮ್ಮ ಕೋಲಾರ ಸೀಮೆಯ ರೇಷ್ಮೆಯನ್ನೇ ನೋಡಬಹುದು. ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ, ಎದ್ದ ಹುಳು ಹಗಲುರಾತ್ರಿಯೆನ್ನದೆ ಸೊಪ್ಪು ಮೇಯುತ್ತದೆ. ಆ ದಿನಗಳಲ್ಲಿ ಅರ್ಧ ಎಕರೆ ಹಿಪ್ಪುನೇರಳೆಯ ಮನೆಯವರು ನಿದ್ದೆಗೆಟ್ಟು ಸೊಪ್ಪು ಹಾಕುತ್ತಾರೆ, ಹುಳುಗಳ ಹಾಸಿಗೆ ಬದಲಿಸುತ್ತಾರೆ, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುತ್ತಾರೆ. ಇದೇ ಕೆಲಸವನ್ನು ಆಳುಗಳಿಂದ ಮಾಡಿಸುವವರು ಕೂಲಿಯ ಜೊತೆಗೆ ಮೇಲ್ವಿಚಾರಣೆಯ ಖರ್ಚನ್ನೂ ಹೊರಬೇಕಾದ್ದರಿಂದ, ಗಿಟ್ಟದು ಎನಿಸಿದ ಕಡೆ ಕೈಬಿಡುತ್ತಾರೆ. ಸಣ್ಣ ರೈತನಿಗೆ ಆ ಆಯ್ಕೆಯಿಲ್ಲ; ಮನೆಯವರಿಗೆ ಬೇರೆ ಕೆಲಸ ಸಿಗದಿದ್ದಾಗ ದುಡಿಮೆಯೆಲ್ಲ ಆ ತುಂಡು ನೆಲಕ್ಕೇ ಬೀಳುತ್ತದೆ. ಹೀಗಾಗಿ ಎಕರೆವಾರು ಅಧಿಕ ಇಳುವರಿಯನ್ನು ಸಣ್ಣ ರೈತನ ಜಾಣ್ಮೆಯೆಂದು ಕೊಂಡಾಡುವುದಕ್ಕೆ ನನಗೆ ಸಂಕೋಚವಿದೆ. ಅದರಲ್ಲಿ ಅನಿವಾರ್ಯತೆಯ ಪಾಲೂ ದೊಡ್ಡದು.

ಫಲವತ್ತಾದ, ನೀರಿರುವ ಭೂಮಿಯೇ ಹೆಚ್ಚು ಪಾಲಾಗಿ ತುಂಡಾಗಿರುವ ಕಡೆ ಮಣ್ಣಿನ ಗುಣವೂ ಸಣ್ಣ ಹಿಡುವಳಿಯ ಪರವಾಗಿ ಲೆಕ್ಕವನ್ನು ವಾಲಿಸುತ್ತದೆ. ಯಂತ್ರ ಬಂದ ಮೇಲೆ ಮಾತ್ರ ಚಿತ್ರ ಬದಲಾಗುತ್ತಿದೆ: ಇಪ್ಪತ್ತು ಗುಂಟೆ ಗದ್ದೆಯಲ್ಲಿ ಕಟಾವು ಯಂತ್ರ ತಿರುಗಿಸುವುದೇ ಕಷ್ಟ, ಕೂಲಿ ದುಬಾರಿಯಾದಷ್ಟೂ ಆ ಅನನುಕೂಲದ ಭಾರ ಹೆಚ್ಚು.

2015-16ರ ಕೃಷಿ ಗಣತಿಯಂತೆ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಸುಮಾರು 2.7 ಎಕರೆ, ಶೇ. 86ರಷ್ಟು ಹಿಡುವಳಿಗಳು 2 ಹೆಕ್ಟೇರಿಗಿಂತ ಕಡಿಮೆ. ಎಕರೆಗೆ ಎಷ್ಟೇ ಬೆಳೆದರೂ ಅಷ್ಟರಲ್ಲಿ ಒಂದು ಕುಟುಂಬದ ಸಂಸಾರ ತೂಗುವುದು ಮಳೆಯಾಶ್ರಿತ ಪ್ರದೇಶದಲ್ಲಂತೂ ಕಷ್ಟ. ಒಗ್ಗೂಡಿಸುವ ಮಾತಿಗೆ ಬಂದರೆ, ನಾಲ್ಕು ದಿಕ್ಕಿಗೆ ಚದುರಿದ ಒಬ್ಬನದೇ ತುಂಡುಗಳನ್ನು ಅದಲುಬದಲು ಮಾಡಿ ಒಂದೆಡೆ ತರುವುದು ಬೇರೆ, ಹಲವರ ಭೂಮಿ ಒಬ್ಬನ ಕೈಸೇರುವುದು ಬೇರೆ. ಕರ್ನಾಟಕದ 2020ರ ಭೂ ಸುಧಾರಣಾ ತಿದ್ದುಪಡಿ ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ದಾರಿ ಮಾಡಿತು. ಅದರಿಂದಲೇ ಇಳುವರಿ ಏರುತ್ತದೆಂದು ನಂಬಲು ಮೇಲಿನ ಯಾವ ಕಾರಣವೂ ಆಧಾರ ಕೊಡುವುದಿಲ್ಲ. ಒಡೆತನವನ್ನು ಮುಟ್ಟದೆ, ಬಾಡಿಗೆಗೆ ಯಂತ್ರ ಒದಗಿಸುವ ಕೇಂದ್ರಗಳನ್ನು ಹೋಬಳಿಗಳಲ್ಲಿ ಬಲಪಡಿಸಿ, ಅಕ್ಕಪಕ್ಕದವರು ಒಂದೇ ದಿನ ಉಳುಮೆ, ಕಟಾವು ಮಾಡಿಸಿಕೊಳ್ಳುವಂತಾದರೆ ಗಾತ್ರದ ಲಾಭದಲ್ಲಿ ಬಹುಪಾಲು ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.