ಹೆಣಿಗೆ ಪ್ರಶ್ನೋತ್ತರ: ಬಣ್ಣ ಹಾಕುವವರಿಗೊಂದು ಮಾದರಿ ಕಾಲುಚೀಲ

ಪ್ರಶ್ನೆ: ಮನೆಯಲ್ಲೇ ಉಣ್ಣೆ ನೂಲಿಗೆ ಬಣ್ಣ ಹಾಕಿ ಮಾರುವವರೊಬ್ಬರು 100 ಗ್ರಾಂ ಲಡಿ (ದೊಡ್ಡ ಬಳೆಯಂತೆ ಸುತ್ತಿದ ನೂಲು) ಕೊಟ್ಟು, ಮಾದರಿಗೆಂದು ಒಂದು ಕಾಲುಚೀಲ ಹೆಣೆದುಕೊಡಲು ಕೇಳಿದ್ದಾರೆ. ಜಡೆ ವಿನ್ಯಾಸ ಹಾಕಲೇ, ಜಾಲರಿ ಹಾಕಲೇ?

ಉತ್ತರ: ಎರಡೂ ಬೇಡ. ಲಡಿಯಲ್ಲಿ ಕಂಡ ಬಣ್ಣ ಹೆಣೆದ ಮೇಲೆ ಏನಾಗುತ್ತದೆ ಎಂದು ತಿಳಿಯಲೆಂದೇ ಕೊಳ್ಳುವವರು ಆ ಚೀಲವನ್ನು ನೋಡುವುದು. ಜಡೆಯ ಉಬ್ಬುತಗ್ಗು, ಜಾಲರಿಯ ತೂತು ಅದನ್ನೇ ಮರೆಮಾಡುತ್ತವೆ. ಬಾಯಿಗೆ 2 ಸೀದಾ 2 ಉಲ್ಟಾ ರಿಬ್ (ಹಿಗ್ಗುವ ಗೆರೆಗೆರೆ ಹೆಣಿಗೆ) 4 ಸೆಂ.ಮೀ., ಅಲ್ಲಿಂದ ಬೆರಳ ತುದಿಯವರೆಗೆ ಬರೀ ಸೀದಾ. 100 ಗ್ರಾಂಗೆ 400 ಮೀಟರ್ ಬರುವ ನೂಲಾದರೆ 2.25 ಮಿ.ಮೀ. ಕಡ್ಡಿಯಲ್ಲಿ 64 ಕುಣಿಕೆ ಹಾಕಿ. 10 ಸೆಂ.ಮೀ.ಗೆ 32 ಕುಣಿಕೆ ಬಂದರೆ ಸುತ್ತಳತೆ 20 ಸೆಂ.ಮೀ. ಆಗುತ್ತದೆ. ದೊಡ್ಡವರ ಮಧ್ಯಮ ಅಳತೆಯ ಒಂದು ಚೀಲಕ್ಕೆ ಸುಮಾರು 35–40 ಗ್ರಾಂ ನೂಲು ಸಾಕು. ಮೊದಲ ಕುಣಿಕೆಗಳನ್ನು ಎರಡು ಕಡ್ಡಿ ಜೋಡಿಸಿಕೊಂಡು ಸಡಿಲವಾಗಿ ಹಾಕಿ. ಬಾಯಿ ಬಿಗಿಯಾದರೆ ಚೀಲ ಹಿಮ್ಮಡಿ ದಾಟುವುದಿಲ್ಲ.

ಪ್ರಶ್ನೆ: ಲಡಿಯಲ್ಲಿ ಸುಂದರವಾಗಿದ್ದ ನೀಲಿ, ಕಿತ್ತಳೆ ಬಣ್ಣಗಳು ಹೆಣೆದಾಗ ಒಂದೇ ಕಡೆ ಮಚ್ಚೆಯಂತೆ ಗುಂಪುಗೂಡುತ್ತಿವೆ. ಹಿಮ್ಮಡಿಯಲ್ಲಂತೂ ಪೂರ್ತಿ ಬೇರೆ ಚಿತ್ತಾರ. ತಪ್ಪು ಎಲ್ಲಿ?

ಉತ್ತರ: ತಪ್ಪು ನಿಮ್ಮ ಕೈಯದಲ್ಲ, ಲೆಕ್ಕದ್ದು. ಲಡಿಯ ಒಂದು ಸುತ್ತಿನ ಉದ್ದಕ್ಕೊಮ್ಮೆ ಬಣ್ಣಗಳು ಅದೇ ಕ್ರಮದಲ್ಲಿ ಮರಳಿ ಬರುತ್ತವೆ. ಚೀಲದ ಒಂದು ಸುತ್ತಿಗೆ ಹೋಗುವ ನೂಲು ಆ ಉದ್ದಕ್ಕೆ ಸಮನಾಗಿದ್ದರೆ, ಇಲ್ಲವೇ ಅದರ ಸರಿಯಾಗಿ ಅರ್ಧ ಅಥವಾ ಮೂರನೇ ಒಂದು ಭಾಗವಾಗಿದ್ದರೆ, ಪ್ರತಿ ಸುತ್ತಿನಲ್ಲೋ, ಎರಡು ಮೂರು ಸುತ್ತಿಗೊಮ್ಮೆಯೋ ನೀಲಿ ಅದೇ ಜಾಗಕ್ಕೆ ಮರಳಿ ಬರುತ್ತದೆ. ಹಾಗಾಗಿ ನೂಲನ್ನು ಉಂಡೆ ಸುತ್ತುವ ಮೊದಲೇ ಲಡಿಯ ಸುತ್ತಳತೆ ಅಳೆದು ಬರೆದಿಡಿ. ಹೆಣೆಯುವಾಗ ಒಂದು ಸುತ್ತಿಗೆ ಹೋದ ನೂಲನ್ನು ಬಿಚ್ಚಿ ಅಳೆದು, ಎರಡನ್ನೂ ಹೋಲಿಸಿ. ಗುಂಪುಗೂಡುವಂತಿದ್ದರೆ 64ರ ಬದಲು 60 ಅಥವಾ 68 ಕುಣಿಕೆ ಹಾಕಿ. ರಿಬ್‌ಗೆ ನಾಲ್ಕರಿಂದ ಭಾಗವಾಗುವ ಸಂಖ್ಯೆಯೇ ಬೇಕು. ಕಡ್ಡಿಯ ಅಳತೆ ಬದಲಿಸಿದರೂ ಸಾಕಾಗಬಹುದು. ಏನೇ ಮಾಡಿದರೂ ಗುಂಪುಗೂಡುವ ನೂಲಾದರೆ ಅದನ್ನು ಮುಚ್ಚಿಡದೆ ಬಣ್ಣ ಹಾಕಿದವರಿಗೆ ತಿಳಿಸಿ. ಅವರಿಗೆ ಬೇಕಾಗಿರುವ ಮಾಹಿತಿಯೇ ಅದು.

ಇನ್ನು ಹಿಮ್ಮಡಿ. ಹಿಮ್ಮಡಿಗೆ ಪಟ್ಟಿ ಹೆಣೆದು ಬದಿಗಳಿಂದ ಕುಣಿಕೆ ಎತ್ತುವ ಕ್ರಮದಲ್ಲಿ ಮೊದಲು 32 ಕುಣಿಕೆ ಮಾತ್ರ ಹಿಂದೆ ಮುಂದೆ ಓಡುತ್ತವೆ, ಆಮೇಲೆ ಸುತ್ತಿನ ಸಂಖ್ಯೆ 64 ಮೀರುತ್ತದೆ. ಸಂಖ್ಯೆ ಬದಲಾದ ಕೂಡಲೇ ಚಿತ್ತಾರವೂ ಬದಲಾಗುತ್ತದೆ. ಮಾದರಿ ಚೀಲಕ್ಕೆ ಕೊನೆಗೆ ಸೇರಿಸುವ ಹಿಮ್ಮಡಿಯೇ ಮೇಲು. ಹಿಮ್ಮಡಿಯ ಜಾಗ ಬಂದಾಗ 32 ಕುಣಿಕೆಗಳನ್ನು ಬೇರೆ ಬಣ್ಣದ ತುಂಡು ನೂಲಿನಲ್ಲಿ ಹೆಣೆದು, ಅವನ್ನು ಎಡ ಕಡ್ಡಿಗೆ ಮರಳಿಸಿ, ಮೂಲ ನೂಲಿನಲ್ಲಿ ಮತ್ತೊಮ್ಮೆ ಹೆಣೆದು ಮುಂದೆ ಸಾಗಿ. ಪಾದದ ಭಾಗ ಅಡೆತಡೆಯಿಲ್ಲದೆ ಬರುತ್ತದೆ. ಬೆರಳ ತುದಿ ಮುಗಿದ ಮೇಲೆ ತುಂಡು ನೂಲು ಎಳೆದು, ಮೇಲೂ ಕೆಳಗೂ ಬಿಟ್ಟ ಕುಣಿಕೆಗಳನ್ನು ಎತ್ತಿ, ಎರಡು ಮೂಲೆಗಳಲ್ಲಿ ಒಂದೆರಡು ಹೆಚ್ಚು ಎತ್ತಿ. ಇದನ್ನು ಬಿಟ್ಟರೆ ಮೂಲೆಯಲ್ಲಿ ತೂತು ಖಚಿತ. ಸುತ್ತು ಬಿಟ್ಟು ಸುತ್ತಿಗೆ 4 ಕುಣಿಕೆ ಕಡಿಮೆ ಮಾಡುತ್ತ 16ಕ್ಕೆ ಇಳಿಸಿ, ಸೂಜಿಯಿಂದ ಸೇರಿಸಿ. ಹಿಮ್ಮಡಿಗೂ ಬೆರಳ ತುದಿಗೂ ತಲಾ 5 ಸೆಂ.ಮೀ. ಹೋಗುವುದರಿಂದ, 22 ಸೆಂ.ಮೀ. ಚೀಲಕ್ಕೆ ತುಂಡು ನೂಲಿನಿಂದ 12 ಸೆಂ.ಮೀ. ಆದಾಗ ತುದಿ ಶುರುಮಾಡಿ.

ಪ್ರಶ್ನೆ: ಹೆಣೆಯುವಾಗ ಬೆರಳಿಗೆ ಬಣ್ಣ ಅಂಟುತ್ತಿದೆ. ವಿನಿಗರ್ ನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆಯೇ?

ಉತ್ತರ: ತಣ್ಣೀರಿಗೆ ವಿನಿಗರ್ ಹಾಕಿದರೆ ನಿಲ್ಲುವುದಿಲ್ಲ. ಉಣ್ಣೆಗೆ ಬಳಸುವ ಆ್ಯಸಿಡ್ ಬಣ್ಣ ಹಿಡಿಯಲು ಹುಳಿಯ ಜೊತೆಗೆ ಕುದಿಯ ಹತ್ತಿರದ ಶಾಖವೂ ಬೇಕು. ಹಸಿರುನೀಲಿ ಬಣ್ಣಗಳಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ. ನೂಲು ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಲು, ಒದ್ದೆ ಮಾಡಿದ ನೂಲಿಗೆ ಬಣ್ಣವಿಲ್ಲದ ಉಣ್ಣೆ ನೂಲನ್ನು ಸುತ್ತಿ ಅರ್ಧ ಗಂಟೆ ಬಿಡಿ. ಇಂಥ ಬಣ್ಣ ಹತ್ತಿಗಿಂತ ಉಣ್ಣೆಗೇ ಚೆನ್ನಾಗಿ ಅಂಟುವುದರಿಂದ, ಬಿಳಿ ಹತ್ತಿ ಬಟ್ಟೆಯ ಪರೀಕ್ಷೆ ಮೋಸ ಮಾಡಬಹುದು. ಕಲೆ ಕಂಡರೆ ಹೆಣಿಗೆ ನಿಲ್ಲಿಸಿ, ಆ ಉಣ್ಣೆ ತುಂಡಿನ ಸಮೇತ ಲಡಿಯನ್ನು ಮರಳಿಸಿ.

ಪ್ರಶ್ನೆ: ಮುಗಿದ ಚೀಲವನ್ನು ಹಾಗೆಯೇ ಕೊಡಬಹುದೇ?

ಉತ್ತರ: ತೊಳೆದೇ ಕೊಡಿ. ಸೂಪರ್‌ವಾಶ್ ಉಣ್ಣೆ (ಯಂತ್ರದಲ್ಲಿ ಒಗೆಯಲು ಆಗುವಂತೆ ಸಂಸ್ಕರಿಸಿದ ಉಣ್ಣೆ) ಒದ್ದೆಯಾದಾಗ ಹಿಗ್ಗುತ್ತದೆ, ಆದ್ದರಿಂದ ನೇತುಹಾಕದೆ ಟವೆಲಿನ ಮೇಲೆ ಹರಡಿ ಒಣಗಿಸಿ. ಅಳತೆ ತೆಗೆಯುವುದು ಒಣಗಿದ ಮೇಲೆ. ಕಡ್ಡಿಯ ಅಳತೆ, ಕುಣಿಕೆಗಳ ಸಂಖ್ಯೆ, ಲಡಿಯ ಸುತ್ತಳತೆ, ಖರ್ಚಾದ ಗ್ರಾಂ, ನೂಲಿನಲ್ಲಿ ಗಂಟು ಸಿಕ್ಕಿದ್ದರೆ ಅದನ್ನೂ ಚೀಟಿಯಲ್ಲಿ ಬರೆದು, ಉಳಿದ ನೂಲಿನ ಜೊತೆ ಕೊಡಿ.