ಯಜಮಾನರ ಕೆಲಸ ಮಾರ್ಚ್‌ವರೆಗೆ, ಆಮೇಲೆ?

ಪ್ರಶ್ನೆ: ನಮ್ಮ ಯಜಮಾನರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾರೆ. ಪ್ರಾಜೆಕ್ಟ್ ಮುಗಿಯುತ್ತಿದೆ, ಮಾರ್ಚ್ 31 ಕೊನೆಯ ದಿನ ಎಂದು ಡಿಸೆಂಬರ್‌ನಲ್ಲಿ ತಿಳಿಸಿದರು. ಅಷ್ಟು ಹೊತ್ತಿಗೆ ಅವರ ಸೇವೆ ಆರು ವರ್ಷ ಎಂಟು ತಿಂಗಳಾಗುತ್ತದೆ, ಮೂಲ ವೇತನ 60,000 ರೂ. ಹೈದರಾಬಾದ್, ಪುಣೆ ಎಂದು ಮಾತು ನಡೆದಿದೆ, ಯಾವುದೂ ಖಚಿತವಿಲ್ಲ. ನಾನು ಖಾಸಗಿ ಶಾಲೆಯ ಶಿಕ್ಷಕಿ, ಕೈಗೆ 32,000 ಬರುತ್ತದೆ. ಮನೆಸಾಲದ ಕಂತು 41,000, ಮನೆಖರ್ಚು 28,000, ಉಳಿತಾಯ 4.6 ಲಕ್ಷ. ಸಕ್ಕರೆ ಕಾಯಿಲೆ ಇರುವ ಅತ್ತೆಗೆ ಕಂಪನಿಯ ಆರೋಗ್ಯ ವಿಮೆಯೇ ಆಸರೆ. ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಹೊಸ ವರ್ಷಕ್ಕೆ ಯಾವುದರಿಂದ ಕೈ ಹಚ್ಚಬೇಕು?
— ಹೆಸರು ಬೇಡ, ಬೆಂಗಳೂರು

ಉತ್ತರ: ಅತ್ತೆಯವರ ವಿಮೆಯಿಂದ. ಕೆಲಸ ಏಪ್ರಿಲ್‌ನಲ್ಲಿ ಸಿಕ್ಕೀತು, ಆಗಸ್ಟ್‌ನಲ್ಲೂ ಸಿಕ್ಕೀತು. ಆದರೆ ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಆಮೇಲೆ ಹೊಸ ಪಾಲಿಸಿ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ (ಆ ಕಾಯಿಲೆಯ ಖರ್ಚನ್ನು ವಿಮೆ ಕೊಡದ ಅವಧಿ) ಹಾಕಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಈ ಅವಧಿಯ ಲೆಕ್ಕಕ್ಕೆ ಬರುತ್ತವೆ. ಅತ್ತೆಯವರ ಹೆಸರು ಯಾವ ವರ್ಷದಿಂದ ಪಾಲಿಸಿಯಲ್ಲಿದೆ ಎಂಬುದನ್ನು ಎಚ್‌ಆರ್‌ನವರಿಂದ ಈಗಲೇ ಬರಹದಲ್ಲಿ ಪಡೆಯಿರಿ, ಫೆಬ್ರವರಿ ಮಧ್ಯದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಿ. ವೈದ್ಯಕೀಯ ಪರೀಕ್ಷೆ ಕೇಳಬಹುದು, ವಿಮಾ ಮೊತ್ತ ಕಡಿಮೆ ಮಾಡಲೂಬಹುದು. ಅದಕ್ಕೇ ಇಷ್ಟು ಮುಂಚೆ ಹೊರಡಬೇಕು. ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಆಸ್ಪತ್ರೆ ಬಿಲ್ಲು ತಿರಸ್ಕಾರವಾಗಲು ಇದೊಂದು ದೊಡ್ಡ ಕಾರಣ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲದಿರುವುದು ಸ್ವಲ್ಪ ಅನುಕೂಲ.

ಇನ್ನು ಹಣ. ಕಂತು, ಮನೆಖರ್ಚು ಸೇರಿ 69,000. ನಿಮ್ಮ ಸಂಬಳ ಕಳೆದರೆ ತಿಂಗಳಿಗೆ 37,000 ಕೊರತೆ. 4.6 ಲಕ್ಷವನ್ನು ಇದರಿಂದ ಭಾಗಿಸಿ ‘ಒಂದು ವರ್ಷ ತಳ್ಳಬಹುದು’ ಎಂದುಕೊಳ್ಳಬೇಡಿ. ಜೂನ್‌ನಲ್ಲಿ ಪಿಯು ಶುಲ್ಕವಿದೆ, ವಿಮೆಯ ಕಂತಿದೆ. ಇವೆರಡಕ್ಕೆ 1.6 ಲಕ್ಷ ಎತ್ತಿಟ್ಟರೆ ಉಳಿಯುವುದು ಮೂರು ಲಕ್ಷ, ಅಂದರೆ ಎಂಟು ತಿಂಗಳು, ನವೆಂಬರ್‌ವರೆಗೆ. ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಕಂಪನಿ ಕೊಡುವ ಹಣ, ಬೇರೆ ಬರಬೇಕು. ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷವೆಂದು ಎಣಿಸುವುದರಿಂದ ನಿಮ್ಮ ಯಜಮಾನರದು ಏಳು ವರ್ಷ. 60,000ವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಮತ್ತೆ ಏಳರಿಂದ ಗುಣಿಸಿದರೆ ಸುಮಾರು 2.42 ಲಕ್ಷ. ಆರೇ ವರ್ಷ ಹಿಡಿದು ಲೆಕ್ಕ ಕೊಟ್ಟರೆ ಒಪ್ಪದೆ ಲಿಖಿತವಾಗಿ ಕೇಳಿ. ಈ ದುಡ್ಡು ಇನ್ನೂ ಆರು ತಿಂಗಳ ಬಲ ಕೊಡುತ್ತದೆ. ನವೆಂಬರ್‌ವರೆಗೆ ಅದನ್ನು ಮುಟ್ಟದಿರುವುದು ಒಳ್ಳೆಯದು.

ಮನೆಸಾಲದ ಬ್ಯಾಂಕಿಗೆ ಸಂಬಳದ ಚೀಟಿ ಕೈಯಲ್ಲಿರುವಾಗಲೇ ಹೋಗಿ. ಅವಧಿ ವಿಸ್ತರಿಸಿ ಕಂತು ಇಳಿಸಲು ಸಾಧ್ಯವೇ ಎಂದು ಈಗ ಕೇಳಿದರೆ ಅದು ಸಾಮಾನ್ಯ ಕೋರಿಕೆ. ಎರಡು ಕಂತು ತಪ್ಪಿದ ಮೇಲೆ ಕೇಳಿದರೆ ಸುಸ್ತಿದಾರನ ಮಾತಾಗುತ್ತದೆ. ಬಾಕಿ 90 ದಿನ ದಾಟಿದರೆ ಸಾಲ ಅನುತ್ಪಾದಕ (ಎನ್‌ಪಿಎ, ಅಂದರೆ ವಸೂಲಾಗದ ಸಾಲ) ಪಟ್ಟಿಗೆ ಸೇರುತ್ತದೆ. ಕ್ರೆಡಿಟ್ ಸ್ಕೋರ್ ಅದಕ್ಕೂ ಮೊದಲೇ ಕುಸಿಯುತ್ತದೆ. ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಮೊತ್ತ’ ಕಟ್ಟುತ್ತಾ ಮನೆ ನಡೆಸುವ ದಾರಿಯನ್ನಂತೂ ಹಿಡಿಯಲೇಬೇಡಿ. ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೇ ಶೇ 3ಕ್ಕಿಂತ ಹೆಚ್ಚು.

ಪಿಎಫ್ ಸದ್ಯಕ್ಕೆ ಹಾಗೇ ಇರಲಿ. ಹಳೆಯ ಕಂಪನಿಗಳ ಖಾತೆಗಳು ಒಂದೇ ಯುಎಎನ್‌ಗೆ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ವರ್ಗವಾಗಿವೆಯೇ ನೋಡಿ. ಹಣ ತೆಗೆಯುವವರು ಪಿಎಫ್‌ನ ಪಿಂಚಣಿ ಭಾಗಕ್ಕೂ ಅರ್ಜಿ ಹಾಕಿಬಿಡುವುದುಂಟು. ಹತ್ತು ವರ್ಷ ತುಂಬುವ ಮೊದಲು ಅದನ್ನು ತೆಗೆದರೆ ಪಿಂಚಣಿಯ ಸೇವಾವಧಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕಂಪನಿ ನಿರ್ಗಮನ ದಿನಾಂಕ ದಾಖಲಿಸದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನಿಮ್ಮ ಯಜಮಾನರೇ ದಾಖಲಿಸಬಹುದು.

ಹೈದರಾಬಾದ್‌ಗೆ ಹೋದರೆ ಮಗಳಿಗೆ ಮುಂದೆ ಇಲ್ಲಿ ಸಿಇಟಿ ಸೀಟು ತಪ್ಪೀತೆ ಎಂಬ ಚಿಂತೆ ಈ ಹಂತದಲ್ಲಿ ಸಹಜ. ಒಂದನೇ ತರಗತಿಯಿಂದ ಎರಡನೇ ಪಿಯು ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೆಯದನ್ನು ಅಥವಾ ಎರಡನೇ ಪಿಯುವನ್ನು ಇಲ್ಲೇ ಪಾಸಾಗಿರಬೇಕು ಎಂಬುದು ಮುಖ್ಯ ಷರತ್ತು. ಮಗಳು ಇಷ್ಟು ವರ್ಷ ಇಲ್ಲೇ ಓದಿದ್ದರೆ ಎಸ್ಸೆಸ್ಸೆಲ್ಸಿ ಪಾಸಾಗುತ್ತಲೇ ಅದು ಪೂರೈಸಿತು. ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಮಾಡಿಸಿಟ್ಟುಕೊಳ್ಳಿ. ಬೇರೆ ಊರಿನಲ್ಲಿದ್ದು ಅದಕ್ಕಾಗಿ ಓಡಾಡುವುದು ಕಷ್ಟ. ಆದರೂ ಯಜಮಾನರ ಕೈಗೆ ಆಫರ್ ಪತ್ರ ಬರುವವರೆಗೆ ಬೆಂಗಳೂರಿನ ಕಾಲೇಜುಗಳಿಗೂ ಅರ್ಜಿ ಹಾಕಿ. ಹಿಂದಿರುಗಿಸದ ದೊಡ್ಡ ಶುಲ್ಕ ಮಾತ್ರ ಕಟ್ಟಬೇಡಿ. ನಿಮ್ಮ ಕೆಲಸಕ್ಕೂ ಈಗಲೇ ರಾಜೀನಾಮೆ ಬೇಡ. ಅವರು ಹೊಸ ಊರಿನಲ್ಲಿ ಪ್ರೊಬೇಷನ್ ಮುಗಿಸುವವರೆಗೆ ಮನೆಗೆ ಖಚಿತವಾಗಿ ಬರುವ ಸಂಬಳ ನಿಮ್ಮದೊಂದೇ.

ಪ್ರಶ್ನೆ: ನಮ್ಮ ಮನೆಯವರು ಬ್ಯಾಂಕ್ ಅಧಿಕಾರಿ. ಬಡ್ತಿಯಾದರೆ ಬೇಸಿಗೆಯಲ್ಲಿ ಉತ್ತರ ಭಾರತಕ್ಕೆ ವರ್ಗವಾಗಬಹುದು. ಮಗ ಒಂಬತ್ತನೇ ತರಗತಿ. ಎಲ್ಲರೂ ಹೋಗೋಣವೇ?
— ಓದುಗರು, ಶಿವಮೊಗ್ಗ

ಉತ್ತರ: ಮೇಲೆ ಹೇಳಿದ ಷರತ್ತೇ ನಿಮ್ಮಲ್ಲಿ ಉಲ್ಟಾ ಹೊಡೆಯುತ್ತದೆ. ಒಂಬತ್ತು ವರ್ಷ ಇಲ್ಲಿ ಓದಿದ್ದರೂ, ಹತ್ತನೆಯದು ಮತ್ತು ಹನ್ನೆರಡನೆಯದು ಎರಡನ್ನೂ ಹೊರಗೆ ಪಾಸಾದರೆ ಈ ಷರತ್ತಿನಡಿ ಅವನು ಅರ್ಹನಲ್ಲ. ಸಾಧ್ಯವಾದರೆ ಒಂದು ವರ್ಷ ನೀವೂ ಮಗನೂ ಶಿವಮೊಗ್ಗದಲ್ಲೇ ಇದ್ದು ಹತ್ತನೆಯದು ಮುಗಿಸಿ. ಎರಡು ಮನೆಯ ಬಾಡಿಗೆ, ರೈಲು ಖರ್ಚನ್ನು ಬಡ್ತಿಯಿಂದ ಹೆಚ್ಚುವ ಸಂಬಳದ ಎದುರು ಬರೆದು ನೋಡಿ, ಬಡ್ತಿಯ ಸಂದರ್ಶನಕ್ಕೆ ಮೊದಲೇ.