ಟ್ರೌಟ್ ಮೀನಿನ ಫ್ಲೈ ಫಿಶಿಂಗ್‌ಗಾಗಿ ಅಮೆರಿಕದಲ್ಲಿ ಯಾವ ಊರಿನಲ್ಲಿ ನೆಲೆಸುವುದು ಒಳ್ಳೆಯದು?

ಉದ್ಯೋಗವನ್ನೂ ನೋಡಿಕೊಳ್ಳಬೇಕಾದವರಿಗೆ ನನ್ನ ಆಯ್ಕೆ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಪ್ರೊವೊ ನದಿಗೆ ಜೋರ್ಡನೆಲ್ ಮತ್ತು ಡಿಯರ್ ಕ್ರೀಕ್ ಎಂಬ ಎರಡು ಅಣೆಕಟ್ಟುಗಳಿದ್ದು, ಅವುಗಳ ಕೆಳಗಿನ ಹರಿವಿನಲ್ಲಿ ಚಳಿಗಾಲದಲ್ಲಿಯೂ ಗಾಳ ಹಾಕಬಹುದು.

ಅಣೆಕಟ್ಟಿಗೆ ಇಷ್ಟು ಮಹತ್ವ ಬರಲು ನೀರಿನ ಉಷ್ಣಾಂಶವೇ ಕಾರಣ. ಟ್ರೌಟ್ ತಣ್ಣೀರಿನ ಮೀನಾಗಿದ್ದು, ನೀರು 20 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಬಳಲತೊಡಗುತ್ತದೆ. ಆಳವಾದ ಜಲಾಶಯದಲ್ಲಿ ಬಿಸಿಲಿಗೆ ಕಾದ ಹಗುರ ನೀರು ಮೇಲೆಯೇ ಉಳಿದು, ತಂಪಾದ ಭಾರದ ನೀರು ತಳದಲ್ಲಿ ನಿಲ್ಲುವುದರಿಂದ, ತಳದ ತೂಬಿನಿಂದ ಬಿಟ್ಟ ನೀರು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಹೆಪ್ಪುಗಟ್ಟದೆ ಹರಿಯುತ್ತದೆ. ಮೀನು ತಿನ್ನುವ ಹುಳುಗಳೂ ಅಲ್ಲಿ ಸಮೃದ್ಧವಾಗಿರುತ್ತವೆ. ಗರಿ, ನೂಲುಗಳಿಂದ ಅವುಗಳನ್ನು ಅನುಕರಿಸಿ ಕಟ್ಟಿದ ಕೃತಕ ಹುಳುವೇ ‘ಫ್ಲೈ’.

ಮೊಂಟಾನಾದ ಬೋಜ್‌ಮನ್ ಹೆಚ್ಚು ಪ್ರಸಿದ್ಧ. ಗ್ಯಾಲಟಿನ್, ಮ್ಯಾಡಿಸನ್, ಯೆಲ್ಲೋಸ್ಟೋನ್ ಮೂರೂ ನದಿಗಳು ಅದಕ್ಕೆ ಹತ್ತಿರ; ಆದರೆ ಮನೆಗಳ ಬೆಲೆ ದುಬಾರಿ. ಅಲ್ಲದೆ ಗ್ಯಾಲಟಿನ್, ಯೆಲ್ಲೋಸ್ಟೋನ್‌ಗಳಿಗೆ ದೊಡ್ಡ ಅಣೆಕಟ್ಟುಗಳಿಲ್ಲದ ಕಾರಣ ಮೇ–ಜೂನ್‌ನಲ್ಲಿ ಹಿಮ ಕರಗಿದಾಗ ನೀರು ಉಕ್ಕಿ ಕೆಂಪಾಗುತ್ತದೆ, ಮತ್ತು ಬಿಸಿಲು ಅತಿಯಾದ ವರ್ಷಗಳಲ್ಲಿ ಮಧ್ಯಾಹ್ನ 2ರಿಂದ ಮಧ್ಯರಾತ್ರಿಯವರೆಗೆ ಮೀನು ಹಿಡಿಯುವುದನ್ನು ಮೊಂಟಾನಾ ಸರ್ಕಾರ ನಿಷೇಧಿಸುವುದುಂಟು. ಜುಲೈ ನಂತರದ ರಜೆಗೆ ಹೋಗಿಬರಲು ಬೋಜ್‌ಮನ್ ಸೊಗಸು. ವರ್ಷವಿಡೀ ವಾರಾಂತ್ಯಗಳಲ್ಲಿ ಗಾಳ ಹಿಡಿಯುವವರು ಅಣೆಕಟ್ಟಿನ ಕೆಳಗಿನ ನದಿಯನ್ನೇ ನೆಚ್ಚಿಕೊಳ್ಳಬೇಕು.